ತೊಕುನಾಗಾ ಬಿಟ್ಟುಕೊಟ್ಟ ಎಡಗೈ

ಲೊರೆಶೋ, ನೈರೋಬಿ
೧೮ ಅಕ್ಟೋಬರ್ ೨೦೧೬, ಮಂಗಳವಾರ

ಮುದ್ದು ತೇಜೂ,

ಮೊದಲು ಕ್ಷಮಿಸಿಬಿಡು. ಆಗಸ್ಟ್‌ನಲ್ಲಿ ನೀನು ಕೇಪ್‌ಟೌನ್‌ಗೆ ಹೊರಟಾಗ ‘ವಾರಕ್ಕೊಂದು ಕಾಗದ ಹಾಕ್ತೀನಿ ನೋಡ್ತಿರು’ ಅಂತ ಜಂಬ ಕೊಚ್ಚಿದವನು ನಾನು. ಮೊದಲನೇದು ಈಗ ಬರೀತಿದ್ದೀನಿ. ನೆಪ ಹೇಳಲಾ? ಬರೆಯೋದು ಬಲಗೈ, ಅದಕ್ಕೇನೂ ಆಗಿಲ್ಲ. ಆದರೆ ಬರೆಯುವಾಗ ಹಾಳೆ ಹಿಡಿದುಕೊಳ್ಳೋ ಕೆಲಸ ಎಡಗೈದು ಅಂತ ಐವತ್ತು ದಾಟಿದ ಮೇಲೂ ನನಗೆ ಗೊತ್ತಿರಲಿಲ್ಲ. ಎರಡು ಸಾಲು ಬರೆಯೋಷ್ಟರಲ್ಲಿ ಹಾಳೆ ಮೇಜಿನ ಆ ತುದಿಗೆ ಹೋಗಿರುತ್ತೆ. ಇವತ್ತು ನಿಮ್ಮಮ್ಮನ ಒಗ್ಗರಣೆ ಡಬ್ಬಿಯನ್ನು ಅದರ ಮೇಲೆ ಕೂರಿಸಿದ್ದೀನಿ. ಅಲ್ಲಲ್ಲಿ ಅರಿಶಿನದ ಕಲೆ ಕಂಡರೆ ಶುಭ ಅಂದುಕೋ.

ಕನ್ನಡದಲ್ಲೇ ಯಾಕೆ ಅಂತ ಮುಖ ಸಿಂಡರಿಸಬೇಡ. ಇಂಗ್ಲಿಷಲ್ಲಿ ಬರೆದರೆ ನೀನು ಲಿಫ್ಟಲ್ಲಿ ನಿಂತೇ ಓದಿ ಮುಗಿಸಿ, ‘ಓಕೆ ಅಪ್ಪಾ, ಟೇಕ್ ಕೇರ್’ ಅಂತ ಒಂದು ಮೆಸೇಜ್ ಒಗೀತೀಯ. ಕನ್ನಡ ಆದರೆ ಕೂತು ಅಕ್ಷರ ಕೂಡಿಸಿಕೊಂಡು ಓದಬೇಕು. ಜಯಲಕ್ಷ್ಮಿ ಅಜ್ಜಿ ಪ್ರತಿ ರಜೆಯಲ್ಲೂ ನಿನ್ನ ಹಿಡಿದು ಕೂರಿಸಿ ಕಾಗುಣಿತ ತಿದ್ದಿಸಿದ್ದು ಇಷ್ಟಕ್ಕಾದರೂ ಬರಲಿ. ಒತ್ತಕ್ಷರ ಬಂದ ಕಡೆ ನಿಂತು ನನ್ನನ್ನು ಬೈಕೋ. ನನಗೆ ನಿನ್ನ ಅರ್ಧ ಗಂಟೆ ಬೇಕು, ಬೈದುಕೊಂಡು ಕೊಟ್ಟರೂ ಸರಿ.

ಅಮ್ಮ ಚೆನ್ನಾಗಿದ್ದಾಳೆ. ಆಫೀಸಿನಲ್ಲಿ ಆಡಿಟ್ ನಡೀತಿದೆ. ಸಂಜೆ ಬಂದವಳೇ ಮೊದಲು ನನ್ನ ಬಿಪಿ ನೋಡ್ತಾಳೆ, ಆಮೇಲೆ ಚಪ್ಪಲಿ ಬಿಡ್ತಾಳೆ. ನಮ್ಮ ರಸ್ತೆ ತುಂಬ ಜಕರಂದಾ ಹೂ ಉದುರಿದೆ, ಕಾಲಿಟ್ಟರೆ ಜಾರುತ್ತೆ ಅಂತ ನನ್ನನ್ನು ಒಬ್ಬನೇ ಗೇಟು ದಾಟೋಕೆ ಬಿಡ್ತಿಲ್ಲ. ವಾರಕ್ಕೆರಡು ಸಲ ಹರ್ಲಿಂಗ್‌ಹ್ಯಾಮ್‌ನಲ್ಲಿ ಜೆಸ್ವಿಟಾ ಆಂಟಿಯ ಫಿಸಿಯೋ ಕ್ಲಿನಿಕ್. ಇನೋಸೆಂಟ್ ಅಂಕಲ್ ಹೆಂಡತಿ, ಪರಿಚಯದವಳು, ಸ್ವಲ್ಪ ಕರುಣೆ ತೋರಿಸ್ತಾಳೆ ಅಂದುಕೊಂಡಿದ್ದೆ. ಎಲ್ಲಿಯ ಕರುಣೆ. ಕೈಗೆ ರಬ್ಬರ್ ಚೆಂಡು ಕೊಟ್ಟು, ‘ಒತ್ತಿ ಧನಂಜಯಣ್ಣ, ಅದಕ್ಕೆಂತ ನಾಚಿಕೆ’ ಅಂತ ಎದುರಿಗೆ ನಿಂತುಬಿಡ್ತಾಳೆ. ಹೆಬ್ಬೆರಳು ಈಗೀಗ ಮಾತು ಕೇಳ್ತಿದೆ. ಉಳಿದವು ಇನ್ನೂ ಮುನಿಸಿಕೊಂಡಿವೆ. ನಡಿಗೆ ಪರವಾಗಿಲ್ಲ, ಎಡಗಾಲು ಕೊಂಚ ಎಳೆಯುತ್ತೆ, ಕೋಲು ಬೇಕು.

ಜನ ತುಂಬ ಒಳ್ಳೆಯವರು ತೇಜೂ, ಅದರಲ್ಲಿ ಎರಡು ಮಾತಿಲ್ಲ. ಗೇಟು ಕಾಯೋ ಆಸ್ಕರಿ ನನ್ನನ್ನು ಕಂಡ ಕೂಡಲೇ ಎದ್ದು ನಿಂತು ‘ಪೊಲೆ ಸಾನಾ’ ಅಂತಾನೆ. ತರಕಾರಿಯವಳು ‘ಪೊಲೆ’ ಅಂತ ಒಂದು ಕಟ್ಟು ಸುಕುಮಾ ಸೊಪ್ಪು ಜಾಸ್ತಿ ಹಾಕ್ತಾಳೆ. ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಎಲ್ಲ ಕಡೆ ಪೊಲೆ. ಪಾಪ, ಅಯ್ಯೋ, ನೋವಾಯ್ತಾ, ಹುಷಾರು, ಇಷ್ಟನ್ನೂ ಒಂದೇ ಪದದಲ್ಲಿ ಹೇಳಬಲ್ಲ ಜನ ಇವರು. ಆದರೆ ಬೆಳಗಿನಿಂದ ಸಂಜೆವರೆಗೂ ಅದನ್ನೇ ಕೇಳಿಸಿಕೊಂಡರೆ ನಾನು ನಿಜವಾಗಿ ತೀರಿಕೊಂಡೆನೇನೋ ಅಂತ ನನಗೇ ಅನುಮಾನ ಬರುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಡಿಸೆಂಬರ್ ರಜಕ್ಕೆ ನೀನು ಮನೆಗೆ ಬರಲ್ಲವಂತೆ. ಇಂಟರ್ನ್‌ಶಿಪ್ಪಂತೆ. ‘ಹೋಗಲಿ ಬಿಡು, ಕಟ್ಟಡ ಕಟ್ಟೋದು ಚೆನ್ನಾಗಿ ಕಲಿ’ ಅಂತ ಬರೆದು ಕಾಗದ ಮಡಚಬಹುದಿತ್ತು. ಆದರೆ ಆ ಇಂಟರ್ನ್‌ಶಿಪ್ ಜನವರಿಯಲ್ಲಿ ಶುರು ಅಂತ ನಿಮ್ಮ ಕಾಲೇಜಿನ ವೆಬ್‌ಸೈಟೇ ಹೇಳುತ್ತೆ. ನಾನೂ ನೋಡಬಲ್ಲೆ ಕಣಮ್ಮ, ಕಣ್ಣಿಗೇನೂ ಆಗಿಲ್ಲ. ಅಮ್ಮನ ಬೆನ್ನು ಬಿದ್ದೆ. ನಾಲ್ಕು ದಿನ ಸತಾಯಿಸಿದ ಮೇಲೆ ಬಾಯಿ ಬಿಟ್ಟಳು. ನೀನು ಫೋನಲ್ಲಿ ಅತ್ತೆಯಂತೆ. ‘ಐ ಕ್ಲ್ಯಾಪ್ಡ್, ಅಮ್ಮಾ. ಅಪ್ಪ ಬಿದ್ದಾಗ ನಾನು ಚಪ್ಪಾಳೆ ತಟ್ಟಿದೆ. ಹೂ ಡಸ್ ದಟ್? ಆ ಹಾಲ್‌ಗೆ ನಾನು ಹೇಗೆ ಬರಲಿ?’ ಅಂದೆಯಂತೆ.

ಅದನ್ನು ಕೇಳಿ ಹೋಗಿ, ಇಂಟರ್ನೆಟ್ಟಿನಲ್ಲಿರೋ ನಮ್ಮ ಕುಸ್ತಿ ಅಭಿಮಾನಿಗಳ ಫೋರಂ ತೆಗೆದು ನೋಡಿದೆ. ನಿನ್ನ ಹೆಸರೇ ಇಲ್ಲ. ಐದಾರು ವರ್ಷ ಬರೆದ ಬರಹವನ್ನೆಲ್ಲ ಅಳಿಸಿ ಹಾಕಿದ್ದೀಯ. ‘ನೈರೋಬಿ ಹುಡುಗಿ ಎಲ್ಲಿ?’ ಅಂತ ಗ್ಲಾಸ್ಗೋದವನು ಕೇಳಿದ್ದಾನೆ, ಒಸಾಕಾದವನು ಕೇಳಿದ್ದಾನೆ. ಅವರಿಗೆ ಏನಂತ ಹೇಳಲಿ?

ಮೂರು ತಿಂಗಳಿಂದ ನೀನು ಕುಸ್ತಿ ಅನ್ನೋ ಪದವನ್ನೇ ಬಾಯಿಗೆ ತಂದಿಲ್ಲ. ಎಲ್ಲ ಮರೆತಿದ್ದೀಯೇನೋ. ಅದಕ್ಕೆ ಮೊದಲಿಂದ ಹೇಳ್ತೀನಿ, ಬೇಜಾರಾದರೂ ಓದು.

ನಾನು ಈ ಊರಿಗೆ ಬಂದ ಹೊಸತರಲ್ಲಿ ಆಫೀಸಿನ ಜಪಾನಿ ಸಹೋದ್ಯೋಗಿಯೊಬ್ಬರು ವಾಪಸ್ ಹೋಗುವಾಗ ಒಂದು ಕ್ಯಾಸೆಟ್ ಬಿಟ್ಟುಹೋದರು. ಟೋಕಿಯೋದಲ್ಲಿ ನಡೆದ ಜೂನಿಯರ್ ಹೆವಿವೇಟ್ ಪಂದ್ಯ. ಜೂನಿಯರ್ ಅಂದರೆ ಮಕ್ಕಳದ್ದಲ್ಲ, ಹಗುರ ಮೈಯವರದ್ದು. ರಿಂಗಿನ ಸುತ್ತ ಕಟ್ಟಿದ ಹಗ್ಗ ಹತ್ತಿ ಹಾರೋರು, ಹಾರಿದವರನ್ನು ಹಿಡಿಯೋರು. ಒಂದು ಕಡೆ ನೀಲಿ ಮುಖವಾಡದವನು. ಜಪಾನಿ ಭಾಷೆಯಲ್ಲಿ ಅವನಿಗೆ ಇಟ್ಟ ಹೆಸರು ನಮ್ಮ ಮಿಂಚುಳ್ಳಿ ಹಕ್ಕಿಯದ್ದು, ಅದಕ್ಕೆ ನಮಗೆಲ್ಲ ಅವನು ಮಿಂಚುಳ್ಳಿ. ಇನ್ನೊಂದು ಕಡೆ ಬೋಳು ತಲೆಯ ತೊಕುನಾಗಾ, ಯಾವಾಗಲೂ ಹಲ್ಲುನೋವು ಬಂದವನ ಮುಖ. ಗೆಲ್ಲೋದು ಯಾರು ಅಂತ ಮೊದಲೇ ಗೊತ್ತು ಮಾಡಿಕೊಂಡಿರ್ತಾರೆ, ನಿಮ್ಮಮ್ಮ ಹೇಳೋ ಹಾಗೆ ‘ಮಾತಾಡಿಕೊಂಡು ಹೊಡೆದಾಡೋರು’. ನೋವೂ ಹೆಚ್ಚಿನ ಪಾಲು ನಟನೆ. ಆ ನೋವನ್ನು ನೋಡೋರು ನಂಬೋ ಹಾಗೆ ಮಾಡೋದರಲ್ಲೇ ಇರೋದು ಕಸುಬು. ಮಿಂಚುಳ್ಳಿಯ ಎಡಗೈಯನ್ನು ತೊಕುನಾಗಾ ತಿರುಚಿ, ಹಗ್ಗಕ್ಕೆ ಸಿಕ್ಕಿಸಿ, ಮೊಣಕಾಲಲ್ಲಿ ಅದುಮಿ ಹಾಕ್ತಾನೆ. ಅಲ್ಲಿಂದ ಪಂದ್ಯ ಮುಗಿಯೋ ತನಕ ಆ ಕೈ ಜೋತು ಬಿದ್ದಿರುತ್ತೆ. ಪ್ರಪಂಚದ ಅಭಿಮಾನಿಗಳೆಲ್ಲ ಇಪ್ಪತ್ತು ವರ್ಷದಿಂದ ಹೇಳ್ತಾ ಬಂದಿದ್ದು ಒಂದೇ: ಇಂಥ ಕೈನೋವಿನ ನಟನೆ ಇನ್ನೊಂದಿಲ್ಲ.

ಇನೋಸೆಂಟನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಮ್ಮ ಭಾನುವಾರದ ಕೂಟ ಶುರುವಾಗಿದ್ದೇ ಆ ಕ್ಯಾಸೆಟ್ಟಿಂದ. ಚರ್ಚಿನಿಂದ ಅವನು ನೇರ ಬಂದು ಬಾಗಿಲು ತೆಗೀತಿದ್ದ. ನಾನು, ಲೆಕ್ಕಪತ್ರದ ಸದಾಶಿವ, ಭೂಗೋಳದ ಮೇಷ್ಟ್ರು ವಾಫುಲಾ. ಪಂದ್ಯ ನೋಡಿದ ಮೇಲೆ ಒಬ್ಬೊಬ್ಬರೂ ಎದ್ದು ನಿಂತು ತಾನು ಕಂಡದ್ದನ್ನು ಹೇಳಬೇಕು, ಆಮೇಲೆ ಐದಕ್ಕೆ ಅಂಕ ಕೊಡಬೇಕು. ಐದಕ್ಕೆ ಐದು ಕೊಟ್ಟವರು ಎಲ್ಲರಿಗೂ ನ್ಯಾಮಾ ಚೋಮಾ ತಿನ್ನಿಸಬೇಕು ಅನ್ನೋ ಕಾನೂನು ಇನೋಸೆಂಟಂದು. ಹಾಗಾಗಿ ಯಾರೂ ಕೊಡ್ತಿರಲಿಲ್ಲ, ಸುಟ್ಟ ಮಾಂಸ ತಿನ್ನದ ಸದಾಶಿವನಂತೂ ಅತ್ತ ತಲೆಯೇ ಹಾಕ್ತಿರಲಿಲ್ಲ. ಕಾಗದದ ಬಂಡಲುಗಳ ಮೇಲೆ ಕಾಲು ಇಳಿಬಿಟ್ಟು ಕೂತು ನೀನು ನಮ್ಮ ಮಾತಿನಲ್ಲಿ ತಪ್ಪು ಹುಡುಕ್ತಿದ್ದೆ. ಹೈಸ್ಕೂಲಿನಲ್ಲಿದ್ದಾಗ ನೀನು ಫೋರಂಗೆ ಬರೆದ ಮೊದಲ ವಿಮರ್ಶೆ ನನಗೆ ಬಾಯಿಪಾಠ. ‘ತೊಕುನಾಗಾ ಅಷ್ಟು ಕಷ್ಟಪಟ್ಟು ಮುರಿದ ಎಡಗೈಯನ್ನು ಕೊನೆಯ ಭಾಗದಲ್ಲಿ ಮುಟ್ಟೋದೇ ಇಲ್ಲ. ಸುಮ್ಮನೆ ಬಲಗಡೆಗೆ ಹೋಗ್ತಾನೆ. ಪ್ಲ್ಯಾನ್ ಮರೆತವನಿಗೆ ಕಾಲು ಅಂಕ ಕಡಿತ. ನಾಲ್ಕೂ ಮುಕ್ಕಾಲು.’ ಆ ಕಾಲು ಅಂಕದ ಮೇಲೆ ಎಂಥ ಜಗಳ ನಡೀತು. ಕೊನೆಗೆ ಎಲ್ಲರೂ ಒಪ್ಪಿದರು, ನೈರೋಬಿ ಹುಡುಗಿ ಹೇಳಿದ್ದು ಸರಿ, ತೊಕುನಾಗಾ ಮರೆತ. ಅವತ್ತು ನಾನು ಆಫೀಸಿನಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಅದನ್ನು ಓದಿ ಹೇಳಿದ್ದೆ.

ಈಗ ಮೊನ್ನೆ ಭಾನುವಾರದ ಸಮಾಚಾರ. ಜುಲೈ ಆದ ಮೇಲೆ ಮೊದಲ ಸಲ ಪ್ರೆಸ್ಸಿಗೆ ಹೋದೆ. ಇನೋಸೆಂಟ್ ಕಾರಲ್ಲಿ ಬಂದು ಕರ್ಕೊಂಡು ಹೋದ. ದಾರಿಯುದ್ದಕ್ಕೂ ಒಂದು ಗುಂಡಿಗೂ ಇಳಿಸಲಿಲ್ಲ. ಇನೋಸೆಂಟ್ ಹಾಗೆ ಕಾರು ಓಡಿಸಿದ್ದು ನಾನು ಕಂಡಿಲ್ಲ. ಯಾವುದು ನೋಡೋಣ ಅಂತ ಕೇಳಿದ. ‘ನಮ್ಮದೇ ಹಾಕು’ ಅಂದೆ. ‘ಬೇಡ ಮಾರಾಯ, ಬೇರೆ ಎಂತಾದರೂ ನೋಡುವ’ ಅಂದ. ನಾನು ಬಿಡಲಿಲ್ಲ.

ಎಷ್ಟು ಸಲ ನೋಡಿದ್ದೀನೋ ಆ ಪಂದ್ಯ. ತಿರುಚಿದ ಕೈಯನ್ನು ಹಗ್ಗದಿಂದ ಬಿಡಿಸಿಕೊಂಡ ಮೇಲೆ ಮಿಂಚುಳ್ಳಿ ಏಳ್ತಾನಲ್ಲ, ಬಲಗೈಯಿಂದ ಹಗ್ಗ ಹಿಡಿದು? ಅಲ್ಲಿ ನನ್ನ ಕಣ್ಣು ಅವನ ಎಡಗೈ ಬೆರಳಿಗೆ ಹೋಯಿತು. ತೇಜೂ, ನೋವಿನ ನಟನೆ ಮಾಡೋನು ಕೈಯನ್ನು ಅಪ್ಪಿಕೊಳ್ತಾನೆ, ಮುಷ್ಟಿ ಬಿಗೀತಾನೆ, ಬೆರಳು ನಡುಗಿಸ್ತಾನೆ. ನಾನೂ ನಮ್ಮ ಹಾಲಿನಲ್ಲಿ ಸಾವಿರ ಸಲ ಹಾಗೇ ಮಾಡಿದ್ದೀನಿ. ಇವನ ಬೆರಳು ಏನೂ ಮಾಡ್ತಿರಲಿಲ್ಲ. ಅರ್ಧ ಬಾಗಿ, ಅಂಗೈ ಹಿಂದಕ್ಕೆ ತಿರುಗಿ, ಹಾಗೇ ಇದ್ದವು. ನಾನು ನನ್ನ ತೊಡೆಯ ಮೇಲೆ ನೋಡಿಕೊಂಡೆ. ಅಲ್ಲೂ ಅದೇ ಬೆರಳು, ಅದೇ ಬಾಗು. ‘ನಿಲ್ಲಿಸು’ ಅಂದೆ. ಮೂವರೂ ಒಟ್ಟಿಗೆ ಎದ್ದರು, ನನಗೇ ಏನೋ ಆಯಿತು ಅಂತ.

ನಾನು ಕಂಡದ್ದನ್ನು ಹೇಳಿದೆ. ಇವನು ನಟಿಸ್ತಿಲ್ಲ, ಕೈ ನಿಜವಾಗಿ ಹೋಗಿದೆ ಅಂದೆ. ಸದಾಶಿವ ಕನ್ನಡಕ ಒರೆಸಿಕೊಂಡ. ‘ನಿನಗೆ ಸ್ಟ್ರೋಕ್ ಆಯ್ತು ಅಂತ ಟಿವಿಯಲ್ಲಿ ಇರೋರಿಗೆಲ್ಲ ಆಗಬೇಕೇನೋ?’ ಅಂದ. ಮೂರು ತಿಂಗಳಲ್ಲಿ ನನಗೆ ಯಾರೋ ಖಾರವಾಗಿ ಉತ್ತರ ಕೊಟ್ಟಿದ್ದು ಅದೇ ಮೊದಲು, ಅವನನ್ನು ತಬ್ಬಿಕೊಳ್ಳೋಣ ಅನ್ನಿಸಿತು. ಇನೋಸೆಂಟ್, ‘ಅವನ ಕೈ ನಿಜಕ್ಕೂ ಹೋಗಿದ್ದರೆ ತೊಕುನಾಗಾ ಮತ್ತೂ ಅದಕ್ಕೇ ಹೊಡೆಯಬೇಕಿತ್ತಲ್ಲ, ಗೆಲ್ಲಲಿಕ್ಕೆ?’ ಅಂದ. ನಮಗೆಲ್ಲರಿಗೂ ಒಟ್ಟಿಗೇ ಹೊಳೀತು ಕಣೇ. ತೊಕುನಾಗಾ ಹೊಡೆಯಲಿಲ್ಲ. ಸರಿಯಾಗಿ ಅಲ್ಲಿಂದಲೇ ಅವನು ಬಲಗಡೆಗೆ ಹೋಗಿದ್ದು. ನಾವೆಲ್ಲ ಸೇರಿ ಅಂಕ ಕಡಿದಿದ್ದು ಅದಕ್ಕೇ.

ಪೂರ್ತಿ ಮತ್ತೆ ಹಾಕಿದೆವು. ವಾಫುಲಾ ಟಿವಿಗೆ ಮೂಗು ತಾಗಿಸಿಕೊಂಡು ಕೂತ. ಕೊನೆ ನಿನಗೆ ನೆನಪಿದೆಯಲ್ಲ? ಮಿಂಚುಳ್ಳಿ ಮೂಲೆಯ ಕಂಬ ಹತ್ತಿ ಹಾರಿ ಗೆಲ್ಲಬೇಕು, ಅದು ಅವನ ರೂಢಿ. ಆವತ್ತು ಹತ್ತೋಕೆ ಹೋಗಿ ಇಳಿದುಬಿಡ್ತಾನೆ, ತೊಕುನಾಗಾ ಹತ್ತಿರ ಬಂದಾಗ ಒಂದು ಸಾಧಾರಣ ಪಟ್ಟು ಹಾಕಿ ಉರುಳಿಸಿ ಗೆಲ್ತಾನೆ. ಸಪ್ಪೆ ಮುಕ್ತಾಯ ಅಂತ ಅರ್ಧ ಫೋರಂ ಇವತ್ತಿಗೂ ಬೈಯುತ್ತೆ. ವಾಫುಲಾ ಅದನ್ನು ಹಿಂದೆ ಮುಂದೆ ಓಡಿಸಿ ನೋಡಿ, ‘ಬ್ವಾನಾ, ಇವನು ಅವನನ್ನು ಉರುಳಿಸ್ತಾನೇ ಇಲ್ಲ. ತೊಕುನಾಗಾ ತಾನೇ ಹೋಗಿ ಅವನ ಬಲಗೈಯೊಳಗೆ ಸೇರಿಕೊಂಡು, ತಾನೇ ಉರುಳಿ, ಭುಜ ನೆಲಕ್ಕೆ ಹಚ್ಚಿ ಮಲಗ್ತಿದ್ದಾನೆ’ ಅಂದ. ನಿಜ. ಮಿಂಚುಳ್ಳಿ ಅವನ ಮೇಲೆ ಬಿದ್ದಿದ್ದಾನೆ ಅಷ್ಟೇ. ಆ ಕೈ ಇಟ್ಟುಕೊಂಡು ಹಾರಿದ್ದರೆ ಅವನ ಗತಿ ಏನಾಗ್ತಿತ್ತೋ. ಹಾರೋ ಅವಶ್ಯಕತೆಯೇ ಬೀಳದ ಹಾಗೆ ತೊಕುನಾಗಾ ಸೋತುಕೊಟ್ಟ. ಅಷ್ಟು ದೊಡ್ಡ ಹಾಲಿನಲ್ಲಿ ಜನ ಎದ್ದು ನಿಂತು ನಟನೆಗೆ ಚಪ್ಪಾಳೆ ತಟ್ತಿದ್ದರು. ಒಬ್ಬನಿಗೆ ಮಾತ್ರ ಗೊತ್ತಾಯಿತು, ಅವನು ಯಾರಿಗೂ ಹೇಳದೆ ಕೆಲಸ ಮುಗಿಸಿದ.

ಇದಕ್ಕೆ ಸಾಕ್ಷಿ ಇಲ್ಲ. ಆ ಇಬ್ಬರೂ ಎಲ್ಲೂ ಏನೂ ಹೇಳಿಲ್ಲ, ಹೇಳೋದೂ ಇಲ್ಲ, ಅದು ಅವರ ಕಸುಬಿನ ಮರ್ಯಾದೆ. ಸದಾಶಿವ ನಾಲ್ಕೂ ಮುಕ್ಕಾಲರಿಂದ ಜಗ್ಗಲಿಲ್ಲ. ನಿನ್ನೆ ಫೋನ್ ಮಾಡಿ, ‘ಮನೆಯಲ್ಲಿ ಇನ್ನೊಂದು ಸಲ ನೋಡಿದೆ, ಅರ್ಧ ಒಪ್ಪಿದ್ದೀನಿ, ಉಳಿದರ್ಧಕ್ಕೆ ಟೈಮ್ ಕೊಡು’ ಅಂದ. ನಾನಂತೂ ಎದ್ದು ನಿಂತು ಐದಕ್ಕೆ ಐದು ಕೊಟ್ಟೆ. ನ್ಯಾಮಾ ಚೋಮಾ ಕೊಡಿಸಿದೆ. ಸದಾಶಿವ ಎದುರಿಗೆ ಕೂತು ಎರಡು ಪ್ಲೇಟು ಚಿಪ್ಸು ಮುಗಿಸಿದ.

ಈಗ ಜುಲೈ. ಅದನ್ನು ಬರೆಯೋಕೇ ನಾನು ಇಷ್ಟು ಸುತ್ತಿಕೊಂಡು ಬಂದಿದ್ದು.

ನಿನಗೆ ಕಾಲು ಬಂದಾಗಿನಿಂದ ನಮ್ಮ ಮನೆಯಲ್ಲಿ ನಾನು ಬೀಳೋದು, ನೀನು ಅಂಕ ಕೊಡೋದು. ಆಫೀಸಿಂದ ಬಂದವನು ಬಾಗಿಲಲ್ಲೇ ತೂರಾಡಿ ಸೋಫಾ ಮೇಲೆ ಉರುಳ್ತಿದ್ದೆ. ಮೆಟ್ಟಿಲ ಮೇಲೆ ಕೂತ ನೀನು ‘ಎರಡು’ ಅಂತಿದ್ದೆ. ಆಮೇಲೆ ರೆಫರಿ ಆಗಿ ಇಳಿದು ಬಂದು ನನ್ನ ಕೈ ಎತ್ತಿ ನೋಡ್ತಿದ್ದೆ. ಪಂದ್ಯದಲ್ಲಿ ಎಚ್ಚರ ತಪ್ಪಿದವನ ಕೈಯನ್ನು ರೆಫರಿ ಮೂರು ಸಲ ಎತ್ತಿ ಬಿಡ್ತಾನಲ್ಲ, ಎರಡು ಸಲ ಬಿದ್ದ ಕೈ ಮೂರನೇ ಸಲ ಗಾಳಿಯಲ್ಲೇ ನಿಂತರೆ ಜನಕ್ಕೆ ಹುಚ್ಚೇ ಹಿಡಿಯುತ್ತೆ, ಹಾಗೆ. ನನ್ನ ಕೈ ಮೂರನೇ ಸಲ ನಿಂತು ನಿನ್ನ ಮೂಗು ಹಿಂಡ್ತಿತ್ತು. ಜುಲೈವರೆಗೆ ನೀನು ನನಗೆ ಕೊಟ್ಟ ಅತಿ ಹೆಚ್ಚು ಅಂದರೆ ಮೂರೂ ಕಾಲು. ಅದೂ ನಾನು ಸಾರಿನ ಪಾತ್ರೆ ಸಮೇತ ನಿಜವಾಗಿ ಜಾರಿ ಬಿದ್ದಾಗ.

ಆ ಶನಿವಾರ ಇನೋಸೆಂಟ್ ಬಂದಿದ್ದ. ಅಮ್ಮ ಬೋಂಡ ಕರೀತಿದ್ದಳು. ನಾನು ತಟ್ಟೆ ತರೋಕೆ ಎದ್ದೆ, ಕೈ ಸೋತಿತು, ತಟ್ಟೆ ಬಿತ್ತು. ಬಾಗಿಲ ಚೌಕಟ್ಟು ಹಿಡಿದೆ, ಮಂಡಿ ಮಡಚಿತು, ಗೋಡೆಗೆ ಒರಗಿಕೊಂಡೇ ಕೆಳಗೆ ಜಾರಿದೆ. ಬೋಂಡ ಉರುಳಿ ಟಿವಿ ಕೆಳಗೆ ಹೋಯಿತು. ನೀವೆಲ್ಲ ನಕ್ಕಿರಿ. ನೀನು ಚಪ್ಪಾಳೆ ತಟ್ಟಿ ‘ನಾಲ್ಕೂವರೆ! ಕೆರಿಯರ್ ಬೆಸ್ಟ್, ಅಪ್ಪಾ’ ಅಂದೆ. ಇನೋಸೆಂಟ್ ಕಾರ್ಪೆಟ್ ಬಡಿದು ಒನ್, ಟೂ ಅಂತ ಎಣಿಸಿದ. ನನಗೆ ಎಲ್ಲ ಕೇಳಿಸ್ತಿತ್ತು, ನಾಲಿಗೆ ಮಾತ್ರ ಏಳ್ತಿರಲಿಲ್ಲ. ನಿನಗೆ ನೆನಪಿರೋದು ಇಷ್ಟೇ ಅಂತ ಕಾಣುತ್ತೆ. ಇಲ್ಲಿಗೇ ಕಥೆ ನಿಲ್ಲಿಸಿಕೊಂಡು ಮೂರು ತಿಂಗಳಿಂದ ಅಲ್ಲೇ ನಿಂತಿದ್ದೀಯ.

ಮುಂದಿನದನ್ನು ನಾನು ಹೇಳ್ತೀನಿ, ಕೆಳಗೆ ಬಿದ್ದಿದ್ದವನು ನಾನು, ನನಗೆ ಚೆನ್ನಾಗಿ ಕಾಣಿಸ್ತಿತ್ತು. ನೀನು ನಗುತ್ತಲೇ ಮೆಟ್ಟಿಲಿಳಿದು ಬಂದೆ, ರೆಫರಿ ಆಗಿ. ನನ್ನ ಎಡಗೈ ಎತ್ತಿ ಬಿಟ್ಟೆ, ಬಿತ್ತು. ಎರಡನೇ ಸಲ ಎತ್ತಿ ಬಿಟ್ಟೆ, ಬಿತ್ತು. ಮೂರನೇ ಸಲ ನೀನು ಎತ್ತಲಿಲ್ಲ. ನನ್ನ ಬೆರಳನ್ನೇ ನೋಡಿದೆ. ಇನೋಸೆಂಟ್ ಇನ್ನೂ ಎಣಿಸ್ತಿದ್ದ, ಅಮ್ಮ ಅಡುಗೆಮನೆಯಿಂದ ‘ಬೋಂಡ ಚೆಲ್ಲಿದ್ದಕ್ಕೆ ಅಂಕ ಕಳೀರಿ’ ಅಂತಿದ್ದಳು. ನೀನು ‘ಅಂಕಲ್, ಸ್ಟಾಪ್. ಬೆರಳು ನೋಡಿ’ ಅಂದೆ. ಆ ದನಿ ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ನನ್ನ ತಲೆಯನ್ನು ನಿನ್ನ ತೊಡೆಯ ಮೇಲೆ ಇಟ್ಟುಕೊಂಡೆ, ಕಾರಿನಲ್ಲೂ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಇಷ್ಟು ಬೇಗ ಕರ್ಕೊಂಡು ಬಂದಿದ್ದಕ್ಕೇ ಮಾತು ಉಳೀತು, ಕಾಲು ಉಳೀತು ಅಂದರು. ಕೈ ಎತ್ತಿ ನೋಡಬೇಕು ಅಂತ ಈ ಊರಲ್ಲಿ ಬೇರೆ ಯಾವ ಮನೆಯವರಿಗೆ ಹೊಳೀತಿತ್ತು? ನಾವು ಕುಸ್ತಿ ಹುಚ್ಚರಲ್ಲದಿದ್ದರೆ ನನ್ನನ್ನು ಸೋಫಾ ಮೇಲೆ ಮಲಗಿಸಿ, ನಿಂಬೆ ಶರಬತ್ತು ಕೊಟ್ಟು, ‘ಸ್ವಲ್ಪ ರೆಸ್ಟ್ ತಗೊಳ್ಳಿ’ ಅಂತಿದ್ದಿರಿ.

ಚಪ್ಪಾಳೆ ತಟ್ಟಿದವಳು ನೀನೇ, ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಮೊದಲು ಗುರುತಿಸಿದವಳೂ ನೀನೇ. ತೊಕುನಾಗಾ ಕೂಡ ಆ ಕೈಯನ್ನು ಮೊದಲು ತಿರುಚಿದವನೇ ತಾನೇ? ಅವನು ಆಮೇಲೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಿದ್ದರೆ ನನಗೆ ತುಂಬ ಸಂಕಟವಾಗ್ತಿತ್ತು. ಅವನು ಇನ್ನೂ ಎಷ್ಟೋ ವರ್ಷ ಕುಸ್ತಿ ಆಡಿದ, ಮಿಂಚುಳ್ಳಿ ಜೊತೆಗೇ ಆಡಿದ, ಪಂದ್ಯಗಳು ಫೋರಂನಲ್ಲೇ ಇವೆ, ಹೋಗಿ ನೋಡು.

ನಿನ್ನ ಮೇಲೆ ನನಗೆ ಕೋಪ ಇಲ್ಲ ತೇಜೂ. ಒಂದು ಕ್ಷಣವೂ ಇರಲಿಲ್ಲ. ನೀನಿಲ್ಲದ ಡಿಸೆಂಬರ್ ನನಗೆ ಬೇಡ, ಅಷ್ಟೇ. ಟಿಕೆಟ್ ಮಾಡಿಸಿ ಅಮ್ಮನಿಗೆ ಒಂದು ಮೆಸೇಜ್ ಹಾಕು, ನನಗೆ ಬೇಡ, ಅವಳ ಮುಖ ನೋಡಿದರೆ ನನಗೆ ಗೊತ್ತಾಗುತ್ತೆ. ಫೋರಂಗೆ ತಿದ್ದುಪಡಿ ಬರೆಯೋ ಹಕ್ಕು ನಿನ್ನದು. ತೊಕುನಾಗಾಗೆ ಕಾಲು ಅಂಕ ವಾಪಸ್ ಕೊಡಬೇಕಾದವಳು ನೀನು, ಅದಕ್ಕೆ ನಾನು ಅಲ್ಲಿ ಇನ್ನೂ ಏನೂ ಬರೆದಿಲ್ಲ.

ಹೊಟ್ಟೆ ತುಂಬ ಊಟ ಮಾಡು. ಆ ಊರಿನ ಗಾಳಿ ಜೋರು, ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಗೆರೆಗಳು ನೆಟ್ಟಗಿರಲಿ, ನೀನು ಕಟ್ಟೋ ಮನೆಗಳಲ್ಲಿ ಬಿದ್ದವರು ಎದ್ದು ಕೂರಲಿ. ನಿನಗೆ ಒಳ್ಳೆಯದಾಗಲಿ ಮಗಳೇ, ನನಗಿರೋ ಒಂದೂವರೆ ಕೈಯನ್ನೂ ನಿನ್ನ ತಲೆ ಮೇಲಿಟ್ಟು ಹೇಳ್ತಿದ್ದೀನಿ.

ಇಂತಿ ನಿನ್ನ ಪ್ರೀತಿಯ
ಅಪ್ಪ
(ಧನಂಜಯ್)

ಮರೆತ ಮಾತು: ಇದನ್ನು ಬರೆಯಬಾರದು ಅಂತಲೇ ಸಹಿ ಹಾಕಿದ್ದೆ. ಮೊನ್ನೆ ಪ್ರೆಸ್ಸಿಂದ ಬಂದವನು ಹಾಲಿನಲ್ಲಿ ಚಪ್ಪಲಿಗೆ ಚಪ್ಪಲಿ ತೊಡರಿ ಸೋಫಾ ಮೇಲೆ ಕುಕ್ಕರಿಸಿದೆ. ಕೋಲು ಹಾರಿ ಫ್ಯಾನಿಗೆ ತಾಗಿತು, ಪೇಪರು ಬಂದು ನನ್ನ ತಲೆ ಮೇಲೆ ಟೋಪಿ ಹಾಗೆ ಕೂತಿತು. ನೀನು ನೋಡಬೇಕಿತ್ತು, ಅಂಥ ಬೀಳುವಿಕೆ ಬೇಕು ಅಂದರೂ ಬರಲ್ಲ. ನನಗೇ ನಗು ತಡೆಯಲಾಗಲಿಲ್ಲ. ಪೇಪರು ಸರಿಸಿ ನೋಡ್ತೀನಿ, ಅಮ್ಮ ಬಿಳಿಚಿಕೊಂಡು ಗೋಡೆ ಹಿಡಿದು ನಿಂತಿದ್ದಾಳೆ, ಇನೋಸೆಂಟ್ ಆಗಲೇ ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದ್ದಾನೆ, ಆಸ್ಕರಿ ಬಾಗಿಲಲ್ಲಿ ಪೊಲೆ ಪೊಲೆ ಅಂತಿದ್ದಾನೆ. ನಾನು ಮೆಟ್ಟಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಆಗ ನನಗೆ ಅಳು ಬಂತು, ಇವರು ನೋವಾಯಿತು ಅಂದುಕೊಂಡರು. ಜುಲೈಯಿಂದ ಈ ಮನೆಯಲ್ಲಿ ನನ್ನನ್ನು ನೋಡಿ ಯಾರೂ ನಕ್ಕಿಲ್ಲ ತೇಜೂ. ಕೈ ಹೋಗಿದ್ದು ನಾನು ಹೇಗೋ ಸಹಿಸ್ತೀನಿ, ಇದು ಆಗ್ತಿಲ್ಲ. ಆ ನಾಲ್ಕೂವರೆಯನ್ನು ನೀನು ವಾಪಸ್ ತಗೊಂಡಿದ್ದೀಯ ಅಂತ ನನಗೆ ಗೊತ್ತು, ನಾನು ಕೊಡಲ್ಲ, ಜೀವಮಾನದಲ್ಲಿ ಒಂದು ಸಲ ಸಿಕ್ಕಿದ್ದು. ಮೂರನೇ ಸಲ ಕೈ ಎತ್ತೋದನ್ನು ನೀನು ಬಾಕಿ ಇಟ್ಟು ಹೋಗಿದ್ದೀಯ. ಜೆಸ್ವಿಟಾ ಹತ್ತಿರ ಹೋದಾಗಲೆಲ್ಲ ಅದಕ್ಕೇ ಬೈಸಿಕೊಳ್ತಿದ್ದೀನಿ. ಡಿಸೆಂಬರಲ್ಲಿ ಬಂದು ಎತ್ತಿ ಬಿಡು. ನಿಂತರೆ ಚಪ್ಪಾಳೆ ತಟ್ಟು. ಬಿದ್ದರೆ ನಗು.